ಗ್ರಾಮೀಣ ಭಾರತದ ಸೂಲಗಿತ್ತಿಯರು: ತರಬೇತಿ ಮತ್ತು ನೆಲೆ

ಬಸಿರು, ಹೆರಿಗೆ, ಬಾಣಂತನದ ಕಾಲದಲ್ಲಿ ತಾಯಿ ಮತ್ತು ಮಗುವಿನ ಆರೈಕೆ ಮಾಡುವ, ಸಹಜ ಹೆರಿಗೆಯನ್ನು ಸ್ವತಂತ್ರವಾಗಿ ಮಾಡಿಸುವ, ತೊಡಕಿನ ಲಕ್ಷಣ ಕಂಡ ಕೂಡಲೇ ಮೊದಲ ಚಿಕಿತ್ಸೆ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಿಸುವ ವೃತ್ತಿಯವಳು ಸೂಲಗಿತ್ತಿ. ಭಾರತದ ಹಳ್ಳಿಗಳಲ್ಲಿ ಈ ಕೆಲಸ ಮುಖ್ಯವಾಗಿ ಮೂರು ಬಗೆಯ ಹೆಂಗಸರ ಪಾಲಿಗೆ ಬಂದಿದೆ. ಒಬ್ಬಳು ಮನೆಯ ಹಿರಿಯರಿಂದ ಕಲಿತ ಊರ ಸೂಲಗಿತ್ತಿ, ಉತ್ತರದಲ್ಲಿ ಇವಳಿಗೆ ದಾಯಿ ಎಂಬ ಹೆಸರು. ಇನ್ನೊಬ್ಬಳು ಸರ್ಕಾರಿ ಉಪಕೇಂದ್ರದ ಎ.ಎನ್.ಎಂ., ಎಂದರೆ ಸಹಾಯಕ ಶುಶ್ರೂಷಕಿ ಮತ್ತು ಸೂಲಗಿತ್ತಿ. ಮೂರನೆಯವಳು ಪ್ರಾಥಮಿಕ ಆರೋಗ್ಯ ಕೇಂದ್ರದ ಹೆರಿಗೆ ಕೊಠಡಿಯಲ್ಲಿ ಪಾಳಿಯ ಮೇಲೆ ದುಡಿಯುವ ಸ್ಟಾಫ್ ನರ್ಸ್. 2018ರಿಂದೀಚೆಗೆ ಹೆರಿಗೆ ಆರೈಕೆಗೆಂದೇ ತರಬೇತಿ ಪಡೆದ ನಾಲ್ಕನೆಯ ವರ್ಗವೊಂದು ರೂಪುಗೊಳ್ಳುತ್ತಿದೆ.

ಈ ನಾಲ್ವರನ್ನು ಸಿದ್ಧಪಡಿಸಲು ಒಂದೂವರೆ ಶತಮಾನದಿಂದ ಹಲವು ಯೋಜನೆಗಳು ಬಂದುಹೋಗಿವೆ. ಶಾಲೆ ತೆರೆಯುವುದು, ಪಠ್ಯ ಬರೆಯುವುದು, ಪ್ರಮಾಣಪತ್ರ ಹಂಚುವುದು ಇವುಗಳಲ್ಲಿ ಸರ್ಕಾರಗಳು ತಕ್ಕಮಟ್ಟಿಗೆ ಗೆದ್ದಿವೆ. ಕಲಿತವಳು ಹಳ್ಳಿಯಲ್ಲೇ ಉಳಿದು ಹೆರಿಗೆ ಮಾಡಿಸುತ್ತಲೇ ಇರುವಂತೆ ನೋಡಿಕೊಳ್ಳುವುದರಲ್ಲಿ ಸೋತಿರುವುದೇ ಹೆಚ್ಚು.

ರೂಢಿಯ ಸೂಲಗಿತ್ತಿ

ಊರ ಸೂಲಗಿತ್ತಿಗೆ ಶಾಲೆಯಿರಲಿಲ್ಲ. ಅಜ್ಜಿಯ ಅಥವಾ ಅತ್ತೆಯ ಜೊತೆ ಹೋಗಿ, ಹತ್ತಾರು ಹೆರಿಗೆ ನೋಡಿ, ಆಮೇಲೆ ತಾನೇ ಕೈಹಾಕುವುದು ಕಲಿಕೆಯ ಕ್ರಮ. ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆಯೆಂದು ಹೇಳುವುದು, ಬೇನೆಯ ನಡುವೆ ಬಸುರಿಯನ್ನು ನಡೆದಾಡಿಸುವುದು, ಕುಕ್ಕುರುಗಾಲಿನಲ್ಲಿ ಕೂರಿಸಿ ಹೆರಿಗೆ ಮಾಡಿಸುವುದು, ಬಾಣಂತಿಗೂ ಮಗುವಿಗೂ ಎಣ್ಣೆ ಹಚ್ಚಿ ನೀರು ಹಾಕುವುದು ಎಲ್ಲವೂ ಅವಳ ಕೆಲಸ. ಕೂಲಿಯೆಂದು ಸಿಗುತ್ತಿದ್ದುದು ಸೇರು ಧಾನ್ಯ, ಎಲೆ ಅಡಿಕೆ, ಕಣ, ಅನುಕೂಲಸ್ಥರ ಮನೆಯಾದರೆ ಸೀರೆ. ಉತ್ತರ ಭಾರತದ ಬಹುಭಾಗದಲ್ಲಿ ಹೊಕ್ಕುಳಬಳ್ಳಿ ಕತ್ತರಿಸುವುದು, ಕಸ ಹೂಳುವುದು ಮೈಲಿಗೆಯ ಕೆಲಸವೆಂದೆಣಿಸಿ ಅದನ್ನು ದಲಿತ ಹೆಂಗಸರಿಗೆ ಬಿಡಲಾಗಿತ್ತು. ದಕ್ಷಿಣದ ಹಲವೆಡೆ ಕ್ಷೌರಿಕ ಸಮುದಾಯದ ಹೆಂಗಸರು ಇದನ್ನು ಮಾಡುತ್ತಿದ್ದರು. ಊರಿನ ಪ್ರತಿ ಮನೆಯ ಒಳಕೋಣೆಯನ್ನು ಕಂಡವಳಾದರೂ ಪಂಕ್ತಿಯಲ್ಲಿ ಅವಳಿಗೆ ಜಾಗವಿರಲಿಲ್ಲ. ಮುಂದೆ ಸರ್ಕಾರಿ ಹುದ್ದೆಯ ಸೂಲಗಿತ್ತಿಗೂ ಈ ತಾತ್ಸಾರದ ನೆರಳು ತಾಗಿತು.

ಕರ್ನಾಟಕದಲ್ಲಿ ಈ ಪರಂಪರೆಯ ಹೆಸರಾಂತ ಪ್ರತಿನಿಧಿ ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ. ಅಜ್ಜಿಯಿಂದ ಕೆಲಸ ಕಲಿತ ಅವರು, ಆಸ್ಪತ್ರೆ ಕೈಗೆಟುಕದ ಬರದ ಸೀಮೆಯಲ್ಲಿ ಏಳು ದಶಕಗಳ ಕಾಲ ಹಣ ಕೇಳದೆ ಹೆರಿಗೆ ಮಾಡಿಸಿದರು. ಅವರ ಕೈಯಲ್ಲಿ ಹುಟ್ಟಿದ ಮಕ್ಕಳ ಸಂಖ್ಯೆ 15,000ಕ್ಕೂ ಹೆಚ್ಚೆಂದು ಹೇಳಲಾಗುತ್ತದೆ. 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು.

ಅನುಭವಕ್ಕೆ ಮಿತಿಯೂ ಇತ್ತು. ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ, ಬಸುರಿಗೆ ನಂಜೇರಿ ಸೆಳೆತ ಬಂದರೆ, ಮಗು ಅಡ್ಡಬಿದ್ದಿದ್ದರೆ ನುರಿತ ಸೂಲಗಿತ್ತಿಯ ಕೈಯೂ ಸಾಗದು. ಕುಡುಗೋಲಿನಿಂದ ಬಳ್ಳಿ ಕೊಯ್ದು ಬೂದಿಯನ್ನೋ ಸಗಣಿಯನ್ನೋ ಹಚ್ಚುವ ರೂಢಿಯಿದ್ದ ಕಡೆ ಹಸುಗೂಸುಗಳು ಧನುರ್ವಾಯುವಿಗೆ ಬಲಿಯಾಗುತ್ತಿದ್ದವು.

ವಸಾಹತು ಕಾಲದ ಪ್ರಯತ್ನಗಳು

ಮದರಾಸಿನ ಹೆರಿಗೆ ಆಸ್ಪತ್ರೆಯಲ್ಲಿ 1854ರಲ್ಲಿ ಸೂಲಗಿತ್ತಿಯರ ತರಬೇತಿ ಆರಂಭವಾಯಿತು. 1866ರಲ್ಲಿ ಅಮೃತಸರದಲ್ಲಿ ದಾಯಿಯರಿಗೆಂದೇ ಶಾಲೆ ನಡೆಸುವ ಯತ್ನವಾಯಿತು. 1885ರಲ್ಲಿ ಲೇಡಿ ಡಫರಿನ್ ನಿಧಿ ಹುಟ್ಟಿ ಹೆಣ್ಣುಮಕ್ಕಳಿಗಾಗಿ ಆಸ್ಪತ್ರೆಗಳು ತೆರೆದವು. ವೈಸ್‌ರಾಯ್ ಕರ್ಜನ್‌ನ ಪತ್ನಿ 1903ರಲ್ಲಿ ಆರಂಭಿಸಿದ ವಿಕ್ಟೋರಿಯಾ ಸ್ಮಾರಕ ವಿದ್ಯಾರ್ಥಿವೇತನ ನಿಧಿ ಊರ ದಾಯಿಯರಿಗೇ ಸ್ವಚ್ಛ ಹೆರಿಗೆ ಕಲಿಸಲು ಹೊರಟಿತು. ಕಲಿಯಲು ಬಂದವಳಿಗೆ ದಿನಗೂಲಿ ತಪ್ಪುತ್ತಿದ್ದುದರಿಂದ ಹಾಜರಿಗೆ ಹಣ ಕೊಡಬೇಕಾಯಿತು. ಪಟ್ಟಣದ ಆಸ್ಪತ್ರೆಯಲ್ಲಿ ಕಲಿತು ಪ್ರಮಾಣಪತ್ರ ಪಡೆದ ಹೊಸ ಸೂಲಗಿತ್ತಿಯರಾದರೋ ಪಟ್ಟಣದಲ್ಲೇ ಉಳಿದರು. ಶುಲ್ಕ ಕೊಡಬಲ್ಲ ಮನೆಗಳಿದ್ದುದು ಅಲ್ಲೇ. ಹಳೆ ಮೈಸೂರಿನಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1929ರಲ್ಲಿ ಮಂಡ್ಯದಲ್ಲಿ ಆರಂಭವಾದ ಆರೋಗ್ಯ ಘಟಕ, ಆರೋಗ್ಯ ಸೇವೆಯನ್ನೇ ಹಳ್ಳಿಯ ಕಡೆಗೆ ಒಯ್ಯುವ ಬೇರೊಂದು ದಾರಿ ಹಿಡಿಯಿತು.

ಸ್ವಾತಂತ್ರ್ಯದ ಹೊಸ್ತಿಲಲ್ಲಿ ಪರಿಸ್ಥಿತಿ ಹೇಗಿತ್ತೆಂಬುದು ಸರ್ ಜೋಸೆಫ್ ಭೋರ್ ಅಧ್ಯಕ್ಷತೆಯ ಸಮಿತಿ 1946ರಲ್ಲಿ ಸಲ್ಲಿಸಿದ ವರದಿಯಿಂದ ತಿಳಿಯುತ್ತದೆ. ಬ್ರಿಟಿಷ್ ಭಾರತದಲ್ಲಿ ಅರ್ಹ ಸೂಲಗಿತ್ತಿಯರಿದ್ದದ್ದು ಸುಮಾರು 5,000, ಅಂದರೆ 60,000 ಜನರಿಗೆ ಒಬ್ಬಳು. ಪ್ರತಿ ಸಾವಿರ ಹೆರಿಗೆಗೆ ಇಪ್ಪತ್ತರಂತೆ ವರ್ಷಕ್ಕೆ ಸುಮಾರು ಎರಡು ಲಕ್ಷ ತಾಯಂದಿರು ಸಾಯುತ್ತಿದ್ದರು. ಅರ್ಹ ಸೂಲಗಿತ್ತಿಯರು ಸಾಕಷ್ಟು ಸಂಖ್ಯೆಯಲ್ಲಿ ತಯಾರಾಗುವ ತನಕ ದಾಯಿಯರಿಗೆ ತರಬೇತಿ ಕೊಟ್ಟು ಬಳಸಿಕೊಳ್ಳಬೇಕೆಂದು ಸಮಿತಿ ಸಲಹೆ ಮಾಡಿತು. ತಾತ್ಕಾಲಿಕವೆಂದು ಹೇಳಿದ ಆ ವ್ಯವಸ್ಥೆ ಆರು ದಶಕ ನಡೆಯಿತು.

ಎ.ಎನ್.ಎಂ. ಹುದ್ದೆಯ ಹುಟ್ಟು ಮತ್ತು ಹೊರಳು

ಪಂಜಾಬಿನ ತರನ್ ತಾರನ್‌ನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ 1951ರಲ್ಲಿ ಎರಡು ವರ್ಷಗಳ ಮೊದಲ ಎ.ಎನ್.ಎಂ. ಕೋರ್ಸ್ ಶುರುವಾಯಿತು. ಹೆರಿಗೆ ಮಾಡಿಸುವುದು, ತಾಯಿ-ಮಕ್ಕಳ ಆರೈಕೆ ಇವೇ ಆಕೆಯ ಮುಖ್ಯ ಕೆಲಸವೆಂದು ಭಾವಿಸಲಾಗಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರಗಳೂ ಉಪಕೇಂದ್ರಗಳೂ ಹರಡುತ್ತ ಹೋದಂತೆ ಆಕೆಯೂ ಹಳ್ಳಿಗೆ ಬಂದಳು. ಮುಂದೆ ಬಯಲುಸೀಮೆಯಲ್ಲಿ 5,000, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 3,000 ಜನಸಂಖ್ಯೆಗೆ ಒಂದು ಉಪಕೇಂದ್ರ ಎಂಬ ಲೆಕ್ಕ ನಿಂತಿತು.

ಹೊರಳು ಬಂದದ್ದು 1970ರ ದಶಕದಲ್ಲಿ. ಮಲೇರಿಯಾ, ಸಿಡುಬು, ಕುಟುಂಬ ಯೋಜನೆ ಎಂದು ಬೇರೆ ಬೇರೆ ಸಿಬ್ಬಂದಿ ಹಳ್ಳಿ ಸುತ್ತುವ ಬದಲು ಎಲ್ಲ ಕೆಲಸವನ್ನೂ ಮಾಡುವ ವಿವಿಧೋದ್ದೇಶ ಕಾರ್ಯಕರ್ತರು ಸಾಕೆಂದು ಕರ್ತಾರ್ ಸಿಂಗ್ ಸಮಿತಿ 1973ರಲ್ಲಿ ಶಿಫಾರಸು ಮಾಡಿತು. ಆಡಳಿತದ ದೃಷ್ಟಿಯಿಂದ ಅದು ಮಿತವ್ಯಯದ ಮಾತು. ಹೆರಿಗೆ ಕೆಲಸಕ್ಕೆ ಮಾತ್ರ ದುಬಾರಿಯಾಯಿತು. 1977ರಲ್ಲಿ ಎ.ಎನ್.ಎಂ. ಕೋರ್ಸ್ ಎರಡು ವರ್ಷದಿಂದ ಹದಿನೆಂಟು ತಿಂಗಳಿಗೆ ಇಳಿಯಿತು. ಅದರೊಳಗೆ ಹೆರಿಗೆ ವಿದ್ಯೆಗೆ ಮೀಸಲಾದ ಅವಧಿ ಒಂಬತ್ತು ತಿಂಗಳಿಂದ ಆರಕ್ಕೆ ಕುಗ್ಗಿತು. ಕುಟುಂಬ ಯೋಜನೆಯ ಗುರಿ ತಲುಪಿಸುವ ಒತ್ತಡ ಆಗಲೇ ವಿಪರೀತವಾಗಿತ್ತು. ಎಷ್ಟು ಹೆರಿಗೆ ಮಾಡಿಸಿದಳೆಂದು ಕೇಳುವ ಮೇಲಧಿಕಾರಿಗಿಂತ ಎಷ್ಟು 'ಕೇಸು' ಕರೆತಂದಳೆಂದು ಕೇಳುವವರೇ ಹೆಚ್ಚಾದರು. 1985ರಿಂದ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮ, 1995ರಿಂದ ಪಲ್ಸ್ ಪೋಲಿಯೊ, ಆಮೇಲೆ ಕಂಪ್ಯೂಟರ್ ನೋಂದಣಿ, ಟ್ಯಾಬ್ಲೆಟ್ ದಾಖಲೆ ಒಂದರ ಮೇಲೊಂದು ಬಂದವು. ಇವುಗಳಲ್ಲಿ ಯಾವುದೂ ಬೇಡದ ಕೆಲಸವಲ್ಲ. ಆದರೆ ನಾಲ್ಕಾರು ಹಳ್ಳಿಗಳ ಲಸಿಕೆ ದಿನ, ಸಭೆ, ವರದಿಗಳ ನಡುವೆ ರಾತ್ರಿಯೆಲ್ಲ ಒಬ್ಬಳ ಬೇನೆಗೆ ಕಾವಲು ಕೂರುವುದು ಯಾರಿಗೂ ಸಾಧ್ಯವಿಲ್ಲ. ಹೆರಿಗೆ ಕಾಯುವ ಕೆಲಸ, ದಿನಚರಿಗೆ ಹೊಂದದ ಕೆಲಸ. ದಿನಚರಿ ತುಂಬಿದಾಗ ಮೊದಲು ಬಿದ್ದುಹೋದದ್ದು ಅದೇ.

ಕರ್ನಾಟಕದಲ್ಲಿ ಈ ಹುದ್ದೆ ಬಹುಕಾಲ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎಂಬ ಹೆಸರಿನಲ್ಲಿತ್ತು, ಈಚೆಗೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂದಾಗಿದೆ. ಜನರ ಬಾಯಲ್ಲಿ ಆಕೆ ನರ್ಸಮ್ಮ ಅಥವಾ ಸಿಸ್ಟರ್. ಕೋರ್ಸ್‌ನ ಅವಧಿ ಮುಂದೆ ಮತ್ತೆ ಎರಡು ವರ್ಷಕ್ಕೆ ಏರಿತಾದರೂ ಉಪಕೇಂದ್ರದ ಹೆರಿಗೆ ಮೇಜು ಮತ್ತೆ ತುಂಬಲಿಲ್ಲ.

ದಾಯಿ ತರಬೇತಿಯ ಏಳುಬೀಳು

ಎ.ಎನ್.ಎಂ. ತಲುಪದ ಕಡೆ ಊರ ಸೂಲಗಿತ್ತಿಯನ್ನೇ ತಿದ್ದಬೇಕೆಂಬ ಯೋಜನೆ 1977ರಿಂದ ದೇಶವ್ಯಾಪಿಯಾಯಿತು. ತಿಂಗಳ ತರಬೇತಿ, ಸ್ವಲ್ಪ ಭತ್ಯೆ, ಒಂದು ಹೆರಿಗೆ ಕಿಟ್ ಇಷ್ಟು ಅದರ ಸ್ವರೂಪ. ಪಾಠದ ತಿರುಳು ಐದು ಸ್ವಚ್ಛತೆಗಳು: ಕೈ, ಹೆರಿಗೆಯ ಜಾಗ, ಬ್ಲೇಡು, ಬಳ್ಳಿ ಕಟ್ಟುವ ದಾರ, ಏನೂ ಹಚ್ಚದೆ ಬಿಟ್ಟ ಹೊಕ್ಕುಳು. ಗರ್ಭಿಣಿಯರಿಗೆ ಧನುರ್ವಾಯು ಲಸಿಕೆಯೂ ಜೊತೆಗೂಡಿದ್ದರಿಂದ ಹಸುಗೂಸುಗಳ ಧನುರ್ವಾಯು ತಗ್ಗಿತು. 2015ರಲ್ಲಿ ಭಾರತದಲ್ಲಿ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ನಿರ್ಮೂಲನೆಯಾಗಿದೆಯೆಂದು ಘೋಷಿಸಲಾಯಿತು.

ತಾಯಂದಿರ ಸಾವು ಮಾತ್ರ ನಿರೀಕ್ಷಿಸಿದಷ್ಟು ಕಡಿಮೆಯಾಗಲಿಲ್ಲ. ರಕ್ತಸ್ರಾವಕ್ಕೆ ಬೇಕಾದ ಚುಚ್ಚುಮದ್ದು ದಾಯಿಯ ಕೈಯಲ್ಲಿರಲಿಲ್ಲ, ಕರೆದೊಯ್ಯಲು ವಾಹನವಿರಲಿಲ್ಲ, ತಾಲ್ಲೂಕು ಆಸ್ಪತ್ರೆ ಮುಟ್ಟಿದರೂ ರಕ್ತ, ಅರಿವಳಿಕೆ ತಜ್ಞರು ಸಿಗುವ ಖಾತರಿಯಿರಲಿಲ್ಲ. ಅಪಾಯವನ್ನು ಗುರುತಿಸುವುದನ್ನು ಕಲಿಸಿ, ಗುರುತಿಸಿದ ಮೇಲೆ ಹೋಗುವ ದಾರಿಯನ್ನು ಮಾಡದೆ ಬಿಟ್ಟ ತರಬೇತಿ ಅದು. 1990ರ ದಶಕದ ಕೊನೆಯ ಹೊತ್ತಿಗೆ ಅಂತರರಾಷ್ಟ್ರೀಯ ಸಂಸ್ಥೆಗಳು ದಾಯಿ ತರಬೇತಿಯಿಂದ ಹಿಂದೆ ಸರಿದು, ಪ್ರತಿ ಹೆರಿಗೆಗೂ ಕುಶಲ ಸಿಬ್ಬಂದಿ ಎಂಬ ನೀತಿಯತ್ತ ಹೊರಳಿದವು. ಭಾರತವೂ ಹಾಗೆಯೇ ಮಾಡಿತು. ಹೊರಳಿದ ರಭಸದಲ್ಲಿ ದಾಯಿಯ ಬಳಿ ನಿಜವಾಗಿ ಇದ್ದ ಗುಣಗಳೂ, ಅಂದರೆ ಬಸುರಿಯ ಪಕ್ಕ ಬಿಡದೆ ಕೂರುವುದು, ಧೈರ್ಯ ಹೇಳುವುದು, ಅವಳ ಮಾತಿನಲ್ಲೇ ಮಾತಾಡುವುದು, ಆಸ್ಪತ್ರೆಯ ಬಾಗಿಲ ಹೊರಗೇ ಉಳಿದವು. ಹೆರಿಗೆ ಕೊಠಡಿಯಲ್ಲಿ ಬೈಗುಳ, ಏಟು ತಿಂದ ಹೆಂಗಸರ ದೂರುಗಳು ಹೆಚ್ಚಿದ ಮೇಲೆ ಅದೇ ಗುಣಗಳನ್ನು 'ಗೌರವಯುತ ಹೆರಿಗೆ ಆರೈಕೆ' ಎಂಬ ಪಾಠವಾಗಿ ನರ್ಸ್‌ಗಳಿಗೆ ಕಲಿಸಬೇಕಾಯಿತು.

2005ರ ನಂತರ

ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಮತ್ತು ಜನನಿ ಸುರಕ್ಷಾ ಯೋಜನೆ 2005ರ ಏಪ್ರಿಲ್ 12ರಂದು ಆರಂಭವಾದವು. ಆಸ್ಪತ್ರೆಯಲ್ಲಿ ಹೆತ್ತ ತಾಯಿಗೆ ನಗದು, ಕರೆದೊಯ್ದ ಆಶಾ ಕಾರ್ಯಕರ್ತೆಗೆ ಪ್ರೋತ್ಸಾಹಧನ ನಿಗದಿಯಾಯಿತು. ಕರ್ನಾಟಕದಲ್ಲಿ ಇದಕ್ಕೆ ತಾಯಿ ಕಾರ್ಡ್, ಮಡಿಲು ಕಿಟ್, 108 ಆಂಬುಲೆನ್ಸ್ ಸೇರಿಕೊಂಡವು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ದೇಶದಲ್ಲಿ ಆಸ್ಪತ್ರೆ ಹೆರಿಗೆಗಳ ಪ್ರಮಾಣ 2005-06ರ ಶೇ. 38.7ರಿಂದ 2019-21ರ ಹೊತ್ತಿಗೆ ಶೇ. 88.6ಕ್ಕೆ ಏರಿತು; ಕರ್ನಾಟಕದಲ್ಲಿ ಅದು ಶೇ. 97. ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಸಾವು 2004-06ರಲ್ಲಿ ದೇಶದಲ್ಲಿ 254, ಕರ್ನಾಟಕದಲ್ಲಿ 213 ಇದ್ದದ್ದು 2018-20ರಲ್ಲಿ ಕ್ರಮವಾಗಿ 97 ಮತ್ತು 69ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಕೇರಳದ್ದು 19, ಅಸ್ಸಾಮಿನದ್ದು 195.

ಹೆರಿಗೆಗಳು ಹೀಗೆ ಮನೆಯಿಂದ ಆಸ್ಪತ್ರೆಗೆ ಬಂದಾಗ ಅವುಗಳನ್ನು ಮಾಡಿಸುವ ಭಾರ ಸ್ಟಾಫ್ ನರ್ಸ್‌ಗಳ ಮೇಲೆ ಬಿತ್ತು. ತಮಿಳುನಾಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮೂವರು ನರ್ಸ್‌ಗಳನ್ನು ನೇಮಿಸಿ ಹಗಲಿರುಳು ಹೆರಿಗೆ ಸೇವೆ ನಡೆಸಿತು. ಒಬ್ಬಳೇ ಇಪ್ಪತ್ನಾಲ್ಕು ಗಂಟೆ ಲಭ್ಯವಿರಬೇಕೆಂಬ ಹಳೆಯ ನಿರೀಕ್ಷೆಗಿಂತ ಪಾಳಿಯ ವ್ಯವಸ್ಥೆ ಬಾಳಿಕೆ ಬರುವಂಥದು. ಆಸ್ಪತ್ರೆಗೆ ಬಂದ ಹೆರಿಗೆಗೆ ಇನ್ನೊಂದು ಮುಖವೂ ಉಂಟು. ಸಿಸೇರಿಯನ್ ಪ್ರಮಾಣ 2005-06ರಲ್ಲಿ ಶೇ. 8.5 ಇದ್ದದ್ದು 2019-21ರಲ್ಲಿ ಶೇ. 21.5 ಆಯಿತು, ಖಾಸಗಿ ಆಸ್ಪತ್ರೆಗಳಲ್ಲಿ ಶೇ. 47.4. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಸರಾಸರಿ ಶೇ. 31.5, ತೆಲಂಗಾಣದ್ದು ಶೇ. 60ನ್ನು ದಾಟಿತ್ತು. ಒಂದೆಡೆ ಕುಶಲ ಕೈ ಸಿಗದ ಹಳ್ಳಿ, ಇನ್ನೊಂದೆಡೆ ಬೇಡದ ಶಸ್ತ್ರಚಿಕಿತ್ಸೆ. ಸಹಜ ಹೆರಿಗೆಯನ್ನು ತಾಳ್ಮೆಯಿಂದ ನಡೆಸಬಲ್ಲ ಸೂಲಗಿತ್ತಿಯ ಕೊರತೆ ಎರಡು ಕಡೆಯೂ ಕಾಣುತ್ತದೆ.

ಕಲಿಕೆಯ ತಿರುಳು

ಸೂಲಗಿತ್ತಿಯರ ಅಂತರರಾಷ್ಟ್ರೀಯ ಒಕ್ಕೂಟದ ಮಾನದಂಡದಂತೆ ನೇರವಾಗಿ ಸೂಲಗಿತ್ತಿಯಾಗಲು ಕನಿಷ್ಠ ಮೂರು ವರ್ಷ, ನರ್ಸಿಂಗ್ ಮುಗಿಸಿದವರಿಗೆ ಹದಿನೆಂಟು ತಿಂಗಳು ಕಲಿಕೆ ಬೇಕು. ಅದರಲ್ಲಿ ಕನಿಷ್ಠ ಅರ್ಧದಷ್ಟು ಪ್ರಾಯೋಗಿಕವಾಗಿರಬೇಕು. ಭಾರತದಲ್ಲಿ ತೊಡಕಿರುವುದು ಈ ಪ್ರಾಯೋಗಿಕ ಭಾಗದಲ್ಲಿ. ವಿದ್ಯಾರ್ಥಿನಿ ನಿಗದಿತ ಸಂಖ್ಯೆಯ ಹೆರಿಗೆಗಳನ್ನು ತಾನೇ ಮಾಡಿಸಿ ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಜಿಲ್ಲಾ ಆಸ್ಪತ್ರೆಯ ಒಂದೇ ಹೆರಿಗೆ ಕೊಠಡಿಗೆ ವೈದ್ಯಕೀಯ ವಿದ್ಯಾರ್ಥಿಗಳು, ಹಲವು ನರ್ಸಿಂಗ್ ಶಾಲೆಗಳ ಹುಡುಗಿಯರು ಒಟ್ಟಿಗೆ ಬಂದು ನಿಂತರೆ ಒಬ್ಬಳು ಹೆರಿಗೆ ಮಾಡಿಸುತ್ತಾಳೆ, ಹತ್ತು ಮಂದಿ ನೋಡುತ್ತಾರೆ. ಸ್ವಂತ ಆಸ್ಪತ್ರೆಯಿಲ್ಲದ ಖಾಸಗಿ ಶಾಲೆಗಳಲ್ಲಿ ನೋಡುವ ಅವಕಾಶವೂ ಕಡಿಮೆ.

ಹೆರಿಗೆಯ ಪ್ರಗತಿಯನ್ನು ಗಂಟೆಗಂಟೆಗೂ ಗುರುತಿಸುವ ಪಾರ್ಟೊಗ್ರಾಫ್ ನಕ್ಷೆ ಇದಕ್ಕೆ ಒಳ್ಳೆಯ ನಿದರ್ಶನ. ಎಲ್ಲ ಪಠ್ಯಗಳಲ್ಲೂ ಅದಿದೆ. ಅದನ್ನು ತುಂಬಿ, ಎಚ್ಚರಿಕೆಯ ಗೆರೆ ದಾಟಿದಾಗ ತೀರ್ಮಾನಿಸಿ, ಆ ತೀರ್ಮಾನಕ್ಕೆ ಹಿರಿಯರು ಬೆಲೆ ಕೊಟ್ಟ ಅನುಭವವಿದ್ದರಷ್ಟೇ ಅದು ಕೈಗೆ ಬರುತ್ತದೆ. ಇಲ್ಲವಾದರೆ ಹೆರಿಗೆ ಮುಗಿದ ಮೇಲೆ ಭರ್ತಿ ಮಾಡುವ ಮತ್ತೊಂದು ಫಾರಂ ಆಗುತ್ತದೆ.

ಅಧಿಕಾರದ ವ್ಯಾಪ್ತಿ ಹಿಗ್ಗಿದಾಗ ಎ.ಎನ್.ಎಂ. ಏನು ಮಾಡಬಲ್ಲಳೆಂಬುದನ್ನು ಕರ್ನಾಟಕದ್ದೇ ಒಂದು ಅಧ್ಯಯನ ತೋರಿಸಿತು. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ತಜ್ಞರು ವಿದೇಶಿ ಸಂಶೋಧಕರೊಂದಿಗೆ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆಂಗಸರ ಮೇಲೆ ನಡೆಸಿದ ಈ ಅಧ್ಯಯನ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮನೆಯಲ್ಲೋ ಉಪಕೇಂದ್ರದಲ್ಲೋ ಹೆರಿಗೆ ಮಾಡಿಸಿದ ಎ.ಎನ್.ಎಂ.ಗಳು ಮಗು ಹುಟ್ಟಿದ ಕೂಡಲೇ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದ ಗುಂಪಿನಲ್ಲಿ ಹೆರಿಗೆ ನಂತರದ ರಕ್ತಸ್ರಾವ ಶೇ. 6.4 ಇದ್ದರೆ, ಹುಸಿ ಮಾತ್ರೆ ಪಡೆದ ಗುಂಪಿನಲ್ಲಿ ಶೇ. 12. ಅದೇ ಕೆಲಸಕ್ಕೆ ಬಳಸುವ ಆಕ್ಸಿಟೋಸಿನ್ ಚುಚ್ಚುಮದ್ದಿಗೆ ತಂಪು ಬೇಕು, ಮಾತ್ರೆಗೆ ಬೇಡ. ವಿದ್ಯುತ್ ನೆಚ್ಚಲಾಗದ ಉಪಕೇಂದ್ರದಲ್ಲಿ ಈ ವ್ಯತ್ಯಾಸ ಚಿಕ್ಕದಲ್ಲ. ಹೋಗುವ ರಕ್ತವನ್ನು ಕಣ್ಣಂದಾಜಿಗೆ ಬಿಡದೆ ಅಳೆಯಲು, ತುದಿಯಲ್ಲಿ ಗುರುತು ಹಾಕಿದ ಚೀಲವಿರುವ ಪ್ಲಾಸ್ಟಿಕ್ ಹಾಸನ್ನು ಆ ಅಧ್ಯಯನದಲ್ಲಿ ಬಳಸಲಾಯಿತು. ಎ.ಎನ್.ಎಂ.ಗಳಿಗೆ ಆಕ್ಸಿಟೋಸಿನ್, ಮಿಸೊಪ್ರೊಸ್ಟಾಲ್, ಸೆಳೆತ ತಡೆಯುವ ಮೆಗ್ನೀಸಿಯಂ ಸಲ್ಫೇಟ್‌ನ ಮೊದಲ ಡೋಸ್ ಕೊಡಲು ಕೇಂದ್ರ ಸರ್ಕಾರ ಅನುಮತಿಯಿತ್ತು, ಮೂರು ವಾರಗಳ ಕುಶಲ ಹೆರಿಗೆ ತರಬೇತಿಯನ್ನೂ ಆರಂಭಿಸಿತು. ಅಷ್ಟರಲ್ಲಿ ಹೆರಿಗೆಗಳು ಅವರ ಕೈಯಿಂದ ಜಾರತೊಡಗಿದ್ದವು.

ಉಳಿಯುವುದು ಏಕೆ ಕಷ್ಟ

ಹಿಂದುಳಿದ ಹಳ್ಳಿಯ ಹುದ್ದೆಗೆ ಬಂದವಳು ಬಿಟ್ಟುಹೋಗಲು ಸಂಬಳವೊಂದೇ ಕಾರಣವೆಂಬ ಎಣಿಕೆ ಸಾಮಾನ್ಯ. ಸಂಬಳದ ಪ್ರಶ್ನೆ ಇದ್ದೇ ಇದೆ: ಗ್ರಾಮೀಣ ಆರೋಗ್ಯ ಅಭಿಯಾನದಡಿ ಗುತ್ತಿಗೆಯ ಮೇಲೆ ನೇಮಕವಾದವರು, ಕಾಯಂ ನೌಕರರ ಪಕ್ಕದಲ್ಲೇ ಕುಳಿತು ಅದೇ ಕೆಲಸವನ್ನು ಬಹಳ ಕಡಿಮೆ ಹಣಕ್ಕೆ, ಪಿಂಚಣಿಯ ಭರವಸೆಯಿಲ್ಲದೆ ಮಾಡುತ್ತಾರೆ. ನಗರದ ಖಾಸಗಿ ಆಸ್ಪತ್ರೆ, ಕೊಲ್ಲಿ ದೇಶಗಳ ಕರೆ ಇವರಿಗೆ ಸಹಜವಾಗಿಯೇ ಕೇಳಿಸುತ್ತದೆ.

ಆದರೆ ಉಳಿದ ಕಾರಣಗಳ ತೂಕ ಸಂಬಳಕ್ಕಿಂತ ಕಡಿಮೆಯಲ್ಲ. ಮೊದಲನೆಯದು ಮನೆ. ಉಪಕೇಂದ್ರಕ್ಕೆ ಅಂಟಿದ ವಸತಿಗೃಹ ಊರ ಹೊರಗೆ, ಸ್ಮಶಾನದ ದಾರಿಯಲ್ಲೋ ಕೆರೆಯ ಏರಿಯ ಆಚೆಗೋ ಇರುವುದು ಅಪರೂಪವಲ್ಲ. ಊರಿನವರು ಬೇಡವೆಂದು ಬಿಟ್ಟ ಜಾಗವೇ ಸರ್ಕಾರಕ್ಕೆ ದಾನವಾಗಿ ಬರುತ್ತದೆ. ನೀರಿಲ್ಲದ, ಬಾಗಿಲ ಚಿಲಕ ಭದ್ರವಿಲ್ಲದ ಆ ಮನೆಯಲ್ಲಿ ಒಂಟಿ ಹೆಣ್ಣುಮಗಳು ರಾತ್ರಿ ಕಳೆಯಬೇಕೆಂದು ಆದೇಶ ಹೇಳುತ್ತದೆ. ಆಕೆ ತಾಲ್ಲೂಕು ಕೇಂದ್ರದಲ್ಲಿ ಮನೆ ಮಾಡಿ ಬಸ್ಸಿನಲ್ಲಿ ಓಡಾಡಿದರೆ ಕರ್ತವ್ಯಲೋಪವೆನಿಸುತ್ತದೆ. ರಾತ್ರಿ ಬಾಗಿಲು ತಟ್ಟಿದವನ ಹಿಂದೆ ನಿಜವಾಗಿ ಬೇನೆ ತಿನ್ನುವ ಹೆಂಗಸಿದ್ದಾಳೋ ಇಲ್ಲವೋ ತಿಳಿಯದ ಅಂಜಿಕೆಯನ್ನು ಸೇವಾ ನಿಯಮಗಳು ಲೆಕ್ಕಕ್ಕೆ ತೆಗೆದುಕೊಂಡದ್ದು ಕಡಿಮೆ.

ಎರಡನೆಯದು ಸಂಸಾರ. ಗಂಡನ ನೌಕರಿ ಒಂದೂರಿನಲ್ಲಿ, ತನ್ನದು ಇನ್ನೊಂದರಲ್ಲಿ, ಮಕ್ಕಳ ಶಾಲೆ ಮೂರನೆಯದರಲ್ಲಿ ಇದ್ದಾಗ ವರ್ಗಾವಣೆಯ ಅರ್ಜಿ ನೇಮಕಾತಿಯ ಮರುದಿನವೇ ತಯಾರಾಗುತ್ತದೆ. ಕರ್ನಾಟಕ 2011ರ ಕಾನೂನಿನ ಮೂಲಕ ಆರೋಗ್ಯ ಸಿಬ್ಬಂದಿಯ ವರ್ಗಾವಣೆಗೆ ವಲಯಗಳನ್ನೂ ಕೌನ್ಸೆಲಿಂಗನ್ನೂ ತಂದಿತು. ಹಳ್ಳಿಯಲ್ಲಿ ಇಂತಿಷ್ಟು ವರ್ಷ ದುಡಿದರೆ ಪಟ್ಟಣಕ್ಕೆ ಬರುವ ಸರದಿ ಖಂಡಿತವೆಂದು ಗೊತ್ತಿದ್ದರೆ ಇರುವಷ್ಟು ದಿನ ನೆಮ್ಮದಿಯಿಂದ ಕೆಲಸ ನಡೆಯುತ್ತದೆ. ಪ್ರಭಾವವಿಲ್ಲದವರೇ ದೂರದೂರಿನಲ್ಲಿ ಕೊಳೆಯುವ ವ್ಯವಸ್ಥೆಯಲ್ಲಿ ಯಾರಿಗೂ ಮನಸ್ಸು ನಿಲ್ಲುವುದಿಲ್ಲ.

ಮೂರನೆಯ ಕಾರಣ ಹೆಚ್ಚು ಸೂಕ್ಷ್ಮ, ಬಹುಶಃ ಹೆಚ್ಚು ಮುಖ್ಯ. ತಿಂಗಳಿಗೊಂದು ಹೆರಿಗೆಯೂ ಬಾರದ ಕಡೆ ಕೈಚಳಕ ಮಂಕಾಗುತ್ತದೆ, ಧೈರ್ಯ ಕುಗ್ಗುತ್ತದೆ. ಧೈರ್ಯ ಕುಗ್ಗಿದವಳು ಬಂದ ಒಂದು ಹೆರಿಗೆಯನ್ನೂ ಮೇಲಕ್ಕೆ ಕಳಿಸುತ್ತಾಳೆ, ಹಾಗೆ ಕಳಿಸಿದಂತೆಲ್ಲ ಊರಿನವರು ನೇರವಾಗಿ ತಾಲ್ಲೂಕು ಆಸ್ಪತ್ರೆಗೇ ಹೋಗುತ್ತಾರೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿಯಿಂದಾಗಿ, ಏಳು ತಿಂಗಳು ತಾನು ನೋಡಿಕೊಂಡ ಬಸುರಿಯ ಹೆರಿಗೆಯನ್ನು ಬೇರೆ ಊರಿನ ನರ್ಸ್ ಮಾಡಿಸುವುದೂ ಉಂಟು. ಏನಾದರೂ ಅನಾಹುತವಾದರೆ ಜನರ ಸಿಟ್ಟು, ಇಲಾಖೆಯ ವಿಚಾರಣೆ ಎರಡೂ ಎದುರಾಗುವುದು ಹೆರಿಗೆ ಕೊಠಡಿಯಲ್ಲಿದ್ದವಳಿಗೆ. ಬೆನ್ನಿಗೆ ನಿಲ್ಲುವ ವೈದ್ಯರು, ಕರೆದೊಡನೆ ಬರುವ ಆಂಬುಲೆನ್ಸ್, ಕಳಿಸಿದ ರೋಗಿಯನ್ನು ಮರುಮಾತಿಲ್ಲದೆ ಸೇರಿಸಿಕೊಳ್ಳುವ ಆಸ್ಪತ್ರೆ ಇದ್ದ ಕಡೆ ಸೂಲಗಿತ್ತಿಯರು ಉಳಿದಿದ್ದಾರೆ.

ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ 1997ರಲ್ಲಿ ಸ್ಥಾಪನೆಯಾದ 'ಅರ್ಥ್' ಸಂಸ್ಥೆಯ ಹಳ್ಳಿ ಚಿಕಿತ್ಸಾಲಯಗಳು ಇದಕ್ಕೆ ಸಾಕ್ಷಿ. ಅಲ್ಲಿ ನರ್ಸ್-ಸೂಲಗಿತ್ತಿಯರು ಒಬ್ಬೊಬ್ಬರಾಗಿರದೆ ಜೊತೆಯಾಗಿ ವಾಸಿಸುತ್ತ ಹಗಲಿರುಳು ಹೆರಿಗೆ ಸೇವೆ ಕೊಟ್ಟರು. ವೈದ್ಯರ ಸಲಹೆ, ಆಸ್ಪತ್ರೆಗೆ ಸಾಗಿಸುವ ಏರ್ಪಾಡು ಮೊದಲೇ ಗೊತ್ತುಮಾಡಿದ್ದವು.

ಉಳಿಸಿಕೊಳ್ಳುವ ದಾರಿಗಳು

ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಪ್ರಕಟಿಸಿ 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ, ದೂರದ ಹಳ್ಳಿಗಳಲ್ಲಿ ಆರೋಗ್ಯ ಸಿಬ್ಬಂದಿಯನ್ನು ಉಳಿಸಿಕೊಳ್ಳುವ ಉಪಾಯಗಳನ್ನು ಶಿಕ್ಷಣ, ಕಾನೂನು, ಹಣದ ಉತ್ತೇಜನ, ವೃತ್ತಿ ಮತ್ತು ಬದುಕಿನ ಬೆಂಬಲ ಎಂದು ವಿಂಗಡಿಸುತ್ತದೆ. ಇವುಗಳಲ್ಲಿ ಗಟ್ಟಿ ಆಧಾರವಿರುವುದು ಆಯ್ಕೆಯ ಹಂತದ್ದು: ಹಳ್ಳಿಯಲ್ಲಿ ಬೆಳೆದವರೇ ಹಳ್ಳಿಯ ಕೆಲಸದಲ್ಲಿ ನಿಲ್ಲುವ ಸಂಭವ ಹೆಚ್ಚು.

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಈ ದಾರಿ ಹಿಡಿದು ಬುಡಕಟ್ಟಿನ ಹುಡುಗಿಯರನ್ನೇ ಎ.ಎನ್.ಎಂ. ಆಗಿ ಬೆಳೆಸಲು ಮುಂದಾಯಿತು. ಅಲ್ಲಿನ ಸೋಲಿಗ ಬುಡಕಟ್ಟಿನವರ ಪೋಡಿಗೆ, ಎಂದರೆ ಹಾಡಿಗೆ, ಹೊರಗಿನ ನರ್ಸ್ ಬಂದು ಉಳಿಯುವುದನ್ನು ಕಾಯುವುದಕ್ಕಿಂತ ಪೋಡಿನ ಮಗಳು ಕಲಿತು ಬರುವುದು ಬೇಗ ಕೈಗೂಡುವ ಮಾತು. ಇಲ್ಲಿ ಎದುರಾಗುವ ಅಡ್ಡಿ ಓದು. ಹತ್ತನೆಯ ತರಗತಿ, ಪಿ.ಯು.ಸಿ. ದಾಟಿದ ಹುಡುಗಿಯರು ಅತ್ಯಂತ ಕಡಿಮೆಯಿರುವುದು ಸೂಲಗಿತ್ತಿಯ ಅಗತ್ಯ ಅತ್ಯಂತ ಹೆಚ್ಚಿರುವ ಊರುಗಳಲ್ಲೇ. ಹಾಗಾಗಿ ಸೂಲಗಿತ್ತಿಯ ತಯಾರಿ ಒಂದರ್ಥದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನಿಂದ ಶುರುವಾಗಬೇಕಾಗುತ್ತದೆ.

ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಸಂವಿಧಾನದ 371(ಜೆ) ವಿಧಿಯಡಿ ಸಿಕ್ಕ ವಿಶೇಷ ಸ್ಥಾನಮಾನವೂ ಪರೋಕ್ಷವಾಗಿ ಇದೇ ಕೆಲಸ ಮಾಡುತ್ತದೆ. ಅಲ್ಲಿ ಸಿ ಗುಂಪಿನ ಹುದ್ದೆಗಳಲ್ಲಿ ಶೇ. 80 ಸ್ಥಳೀಯರಿಗೆ ಮೀಸಲು. ದಕ್ಷಿಣದ ಜಿಲ್ಲೆಗಳಿಂದ ನೇಮಕವಾಗಿ ಬಂದು ಊರಿಗೆ ಮರಳುವ ದಾರಿ ನೋಡುತ್ತಿದ್ದವರ ಜಾಗದಲ್ಲಿ ರಾಯಚೂರು, ಯಾದಗಿರಿಯವರೇ ಬಂದರೆ ಖಾಲಿ ಹುದ್ದೆಗಳ ಸಮಸ್ಯೆ ಸ್ವಲ್ಪವಾದರೂ ಸಡಿಲುತ್ತದೆ. ಹಣದ ಉತ್ತೇಜನದ ದಾರಿ ಹಿಡಿದ ಛತ್ತೀಸಗಢ 2010ರ ಸುಮಾರಿಗೆ ಗ್ರಾಮೀಣ ವೈದ್ಯಕೀಯ ಪಡೆ ಯೋಜನೆಯಡಿ ಊರುಗಳನ್ನು ಸಾಮಾನ್ಯ, ಕಷ್ಟಕರ, ದುರ್ಗಮವೆಂದು ವರ್ಗೀಕರಿಸಿ, ದುರ್ಗಮ ಕೇಂದ್ರಗಳ ವೈದ್ಯರು, ನರ್ಸ್‌ಗಳಿಗೆ ಹೆಚ್ಚುವರಿ ಭತ್ಯೆ ನೀಡಿತು.

ಬೇರೆ ದೇಶಗಳ ಅನುಭವ

ಶ್ರೀಲಂಕಾದ ಸಾರ್ವಜನಿಕ ಆರೋಗ್ಯ ಸೂಲಗಿತ್ತಿ ಹದಿನೆಂಟು ತಿಂಗಳ ತರಬೇತಿ ಪಡೆದು ಸುಮಾರು 3,000 ಜನರಿರುವ ಪ್ರದೇಶದಲ್ಲೇ ನೆಲೆಸುತ್ತಾಳೆ. ಹೆರಿಗೆಗಳು ಆಸ್ಪತ್ರೆಗೆ ಸರಿದ ಮೇಲೂ ಬಸುರಿ ಮತ್ತು ಬಾಣಂತಿಯ ಮನೆಭೇಟಿಯನ್ನು ಆ ದೇಶ ಅವಳಿಂದ ಕಸಿಯಲಿಲ್ಲ. ಹೆಣ್ಣುಮಕ್ಕಳ ಓದು, ಉಚಿತ ಆಸ್ಪತ್ರೆಗಳ ಜೊತೆ ಇದೂ ಸೇರಿ ಅಲ್ಲಿನ ತಾಯಂದಿರ ಸಾವು ದಕ್ಷಿಣ ಏಷ್ಯಾದಲ್ಲೇ ಕೆಳಮಟ್ಟಕ್ಕಿಳಿಯಿತು.

ಇಂಡೊನೇಷ್ಯಾದ ಕತೆ ಎಚ್ಚರಿಕೆಯದು. 1989ರಲ್ಲಿ ಹಳ್ಳಿಗೊಬ್ಬ ಸೂಲಗಿತ್ತಿ ಎಂಬ ಯೋಜನೆ ಹೂಡಿದ ಆ ದೇಶ ಕೆಲವೇ ವರ್ಷಗಳಲ್ಲಿ 50,000ಕ್ಕೂ ಹೆಚ್ಚು ಮಂದಿಯನ್ನು, ನರ್ಸಿಂಗ್ ಮೇಲೆ ಒಂದು ವರ್ಷದ ಅವಸರದ ತರಬೇತಿ ಕೊಟ್ಟು, ಗುತ್ತಿಗೆಯ ಮೇಲೆ ನೇಮಿಸಿತು. ಚಿಕ್ಕ ಹಳ್ಳಿಗಳಲ್ಲಿ ಕೈ ಪಳಗುವಷ್ಟು ಹೆರಿಗೆಗಳೇ ಬರಲಿಲ್ಲ. ಗುತ್ತಿಗೆ ಮುಗಿದಂತೆ ಅನೇಕರು ಪಟ್ಟಣದ ಹಾದಿ ಹಿಡಿದರು. ಕುಶಲರ ಕೈಯಲ್ಲಾದ ಹೆರಿಗೆಗಳ ಪ್ರಮಾಣ ಏರಿತು, ತಾಯಂದಿರ ಸಾವು ಅದೇ ವೇಗದಲ್ಲಿ ಇಳಿಯಲಿಲ್ಲ.

ಅಫ್ಘಾನಿಸ್ತಾನದಲ್ಲಿ 2002ರಲ್ಲಿ ಇದ್ದವರು 467 ಸೂಲಗಿತ್ತಿಯರು. ಊರಿನವರೇ ಆರಿಸಿ ಕಳಿಸಿದ ಹುಡುಗಿಗೆ ಪ್ರಾಂತದ ಕೇಂದ್ರದಲ್ಲಿ ಕಲಿಸಿ, ಮತ್ತೆ ಅದೇ ಊರಿಗೆ ಕಳಿಸುವ ಸಮುದಾಯ ಸೂಲಗಿತ್ತಿ ಶಿಕ್ಷಣದಿಂದ ಒಂದು ದಶಕದೊಳಗೆ ಅವರ ಸಂಖ್ಯೆ ಸಾವಿರಗಳನ್ನು ಮುಟ್ಟಿತು. ಕಲಿಯುವವಳ ಎಳೆಮಗುವನ್ನು ನೋಡಿಕೊಳ್ಳುವ ಏರ್ಪಾಡೂ ತರಬೇತಿಯ ಭಾಗವಾಗಿತ್ತು. 2024ರ ಡಿಸೆಂಬರಿನಲ್ಲಿ ತಾಲಿಬಾನ್ ಆಡಳಿತ ಹೆಣ್ಣುಮಕ್ಕಳ ವೈದ್ಯಕೀಯ ತರಬೇತಿಯನ್ನು, ಸೂಲಗಿತ್ತಿ ಶಿಕ್ಷಣವನ್ನೂ ಒಳಗೊಂಡಂತೆ, ನಿಷೇಧಿಸಿದ್ದರಿಂದ ಆ ಕೆಲಸ ನಿಂತಿದೆ.

ಹೊಸ ವರ್ಗ ಮತ್ತು ಕಾನೂನು

ಹೆರಿಗೆಗೆಂದೇ ಮೀಸಲಾದ ನರ್ಸ್ ಬೇಕೆಂಬ ವಿಚಾರ ಭಾರತದಲ್ಲಿ 2000ರ ದಶಕದ ಆರಂಭದಲ್ಲೇ ಪಠ್ಯವಾಗಿ ರೂಪುಗೊಂಡಿತ್ತು. ಪಶ್ಚಿಮ ಬಂಗಾಳ, ಗುಜರಾತ್‌ಗಳು ಕೋರ್ಸ್ ನಡೆಸಿಯೂ ನೋಡಿದವು. ಕಲಿತು ಬಂದವರಿಗೆ ಪ್ರತ್ಯೇಕ ಹುದ್ದೆಯಿರಲಿಲ್ಲವಾದ್ದರಿಂದ ಅವರು ಸಾಮಾನ್ಯ ವಾರ್ಡಿನ ಪಾಳಿಗೆ ಮರಳಿದರು. ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆ 2011ರಿಂದ ತನ್ನಲ್ಲೇ ಸೂಲಗಿತ್ತಿಯರನ್ನು ತರಬೇತುಗೊಳಿಸುತ್ತ ಬಂದಿತು. ಅದರ ಮತ್ತು ಯುನಿಸೆಫ್‌ನ ನೆರವಿನಿಂದ ತೆಲಂಗಾಣ ಸರ್ಕಾರ 2017ರಲ್ಲಿ ಕರೀಂನಗರದಲ್ಲಿ ಸರ್ಕಾರಿ ನರ್ಸ್‌ಗಳಿಗೆ ಹದಿನೆಂಟು ತಿಂಗಳ ತರಬೇತಿ ಶುರುಮಾಡಿತು. 2018ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಸೂಲಗಿತ್ತಿ ಸೇವೆಯ ಮಾರ್ಗಸೂಚಿ ಹೊರಡಿಸಿ ಇದೇ ಮಾದರಿಯನ್ನು ದೇಶಕ್ಕೆ ವಿಸ್ತರಿಸಿತು. ಜಿ.ಎನ್.ಎಂ. (ಸಾಮಾನ್ಯ ಶುಶ್ರೂಷೆ ಮತ್ತು ಸೂಲಗಿತ್ತಿ ಡಿಪ್ಲೊಮಾ) ಅಥವಾ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಹೆರಿಗೆ ಕೊಠಡಿಯ ಅನುಭವ ಪಡೆದವರು ಈ ತರಬೇತಿಗೆ ಅರ್ಹರು; ಹೆಚ್ಚು ಹೆರಿಗೆಗಳಾಗುವ ಸರ್ಕಾರಿ ಆಸ್ಪತ್ರೆಗಳಲ್ಲಿ, ಶಸ್ತ್ರಚಿಕಿತ್ಸಾ ಕೊಠಡಿಗೆ ಹತ್ತಿರದಲ್ಲೇ, ಸಹಜ ಹೆರಿಗೆಗಳನ್ನು ಇವರೇ ನಡೆಸುವ ಘಟಕಗಳು ಇರಬೇಕೆಂಬುದು ಯೋಜನೆ.

ಮಾರ್ಗಸೂಚಿ ಮೊದಲಿಗೆ ಗಮನ ಕೊಟ್ಟದ್ದು ದೊಡ್ಡ ಆಸ್ಪತ್ರೆಗಳಿಗೆ. ತರ್ಕ ಸ್ಪಷ್ಟ: ಕಲಿಯಲು ಹೆರಿಗೆಗಳು ಅಲ್ಲೇ ಇವೆ. ದೂರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಈ ವರ್ಗ ಯಾವಾಗ ತಲುಪುವುದೆಂಬುದು ರಾಜ್ಯಗಳು ಹುದ್ದೆ ಸೃಷ್ಟಿಸುವುದರ ಮೇಲೆ ನಿಂತಿದೆ. ನರ್ಸಿಂಗ್ ಶಿಕ್ಷಣವನ್ನು ನಿಯಂತ್ರಿಸುತ್ತಿದ್ದ 1947ರ ಭಾರತೀಯ ಶುಶ್ರೂಷಾ ಪರಿಷತ್ ಕಾಯ್ದೆಯ ಜಾಗದಲ್ಲಿ 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಸೂಲಗಿತ್ತಿ ಆಯೋಗ ಕಾಯ್ದೆ ಬಂದಿದೆ. ಕರ್ನಾಟಕದಲ್ಲಿ ನೋಂದಣಿ ಈವರೆಗೆ ನಡೆದುಬಂದದ್ದು 1961ರ ನರ್ಸ್, ಸೂಲಗಿತ್ತಿ ಮತ್ತು ಆರೋಗ್ಯ ಸಂದರ್ಶಕಿಯರ ಕಾಯ್ದೆಯಡಿ. ಆಯೋಗದ ವ್ಯವಸ್ಥೆಯಲ್ಲಿ ರಾಜ್ಯಗಳೂ ತಮ್ಮ ತಮ್ಮ ಆಯೋಗಗಳನ್ನು ರಚಿಸಬೇಕು. ಸೂಲಗಿತ್ತಿ ಯಾವ ಔಷಧಿಯನ್ನು ತಾನೇ ಬರೆಯಬಹುದು, ಯಾವ ಹೆರಿಗೆಯನ್ನು ವೈದ್ಯರ ಸಹಿಯಿಲ್ಲದೆ ನಡೆಸಬಹುದು, ಅವಳ ಬಡ್ತಿಯ ಮೆಟ್ಟಿಲು ಯಾವುದು ಎಂಬ ಪ್ರಶ್ನೆಗಳು ಇತ್ಯರ್ಥವಾಗಬೇಕಿರುವುದು ಆ ಹಂತದಲ್ಲಿ.